ಮೂರು ಸಾವಿರದ ಗೊರಗೊರ, ಮೂವತ್ತು ಸಾವಿರದ ಗೊರಗೊರ

ಮೂರು ವಾರದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಚಿಕ್ಕಪ್ಪನ ಮಗನ ಫೋನು. ಹಾಸನದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದಾನೆ. ಇವನು ಫೋನ್ ಮಾಡಿದ ಅಂದ್ರೆ ಒಂದೋ ಇಂಟರ್ನಲ್ಸ್ ಕೈಕೊಟ್ಟಿದೆ, ಇಲ್ಲಾ ದುಡ್ಡು ಬೇಕಾಗಿದೆ ಅಂತ ಅರ್ಥ. ಈ ಸಲ ಎರಡನೆಯದು.

"ಅಣ್ಣಾ, ಫೆಸ್ಟ್‌ಗೆ ಬ್ಯಾಂಡ್ ಮಾಡಿದೀವಿ. ಒಂದು ಡಿಸ್ಟಾರ್ಷನ್ ಪೆಡಲ್ ತಗೋಬೇಕು. ನನ್ನ ಹತ್ರ ಎಂಟು ಸಾವಿರ ಇದೆ. ನೀನು ಇಪ್ಪತ್ತು ಕೊಟ್ರೆ ಒಳ್ಳೇದೇ ತಗೊಂಡುಬಿಡ್ತೀನಿ. ಕೆಲಸ ಸಿಕ್ಕ ಮೇಲೆ ವಾಪಸ್."

ಎಂಟು ಸಾವಿರ ಎಲ್ಲಿಂದ ಬಂತೋ ಅಂದೆ. ರಜದಲ್ಲಿ ಪಿಯುಸಿ ಹುಡುಗರಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ್ದಂತೆ. ಅದನ್ನು ಕೇಳಿದ ಮೇಲೆ ಸುಮ್ಮನೆ ಹೂಂ ಅನ್ನೋಕೂ ಆಗಲಿಲ್ಲ, ಊಹೂಂ ಅನ್ನೋಕೂ ಆಗಲಿಲ್ಲ. "ಸಂಜೆ ಮಾಡ್ತೀನಿ ಇರು" ಅಂದು ಇಟ್ಟೆ. ಸಂಜೆ ಹೇಳಿದ್ದು ಒಂದು ಗಂಟೆ ಆಯಿತು. ಅವನು ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ, ಇನ್ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಇಲ್ಲಿ ಬರೆದು ಹಾಕುತ್ತಿದ್ದೇನೆ. ಪೆಡಲ್ ಅಂದ್ರೆ ಸೈಕಲ್ಲಿನದ್ದು ಮಾತ್ರ ಗೊತ್ತಿರುವವರೂ ಧೈರ್ಯವಾಗಿ ಓದಬಹುದು :)

ನನ್ನ ಮಾತು ಇಷ್ಟೇ. ಒಂದು ಹಂತದವರೆಗೆ ದುಡ್ಡು ಹೆಚ್ಚಿದಂತೆ ಪೆಡಲಿನ ಸದ್ದು ಉತ್ತಮವಾಗುತ್ತದೆ. ಆ ಹಂತ ನಾವು ಅಂದುಕೊಂಡದ್ದಕ್ಕಿಂತ ಬಹಳ ಕೆಳಗಿದೆ. ಅಲ್ಲಿಂದ ಮುಂದಿನ ದುಡ್ಡು ಪೆಡಲಿಗೆ ಹೋಗಬಾರದು, ಪೆಡಲಿನಿಂದ ಹೊರಟ ವೈರು ಹೋಗಿ ಸೇರುತ್ತದಲ್ಲ, ಅಲ್ಲಿಗೆ ಹೋಗಬೇಕು. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ, ಕೈಸುಟ್ಟುಕೊಂಡು ಹೇಳುತ್ತಿದ್ದೇನೆ. ಆ ಕಥೆ ಕೊನೆಗೆ.

ಹರಿದ ಸ್ಪೀಕರಿನ ಪುರಾಣ

ಡಿಸ್ಟಾರ್ಷನ್ ಅಂದ್ರೆ ಕನ್ನಡದಲ್ಲಿ ವಿರೂಪ. ಗಿಟಾರಿನ ಶುದ್ಧವಾದ ಸದ್ದನ್ನು ಕೆಡಿಸಿ ಗೊರಗೊರ ಅನ್ನಿಸುವುದು. ಎಲೆಕ್ಟ್ರಾನಿಕ್ಸ್ ಇಂಜಿನಿಯರ್ ಜೀವಮಾನವಿಡೀ ಯಾವುದನ್ನು ತಪ್ಪಿಸಲು ಒದ್ದಾಡುತ್ತಾನೋ ಅದನ್ನೇ ಕಾಸು ಕೊಟ್ಟು ಕೊಳ್ಳುವವನು ಗಿಟಾರಿಸ್ಟ್.

ಇದು ಶುರುವಾದದ್ದು ಕೆಟ್ಟುಹೋದ ಸಾಮಾನಿನಿಂದ. 1958ರಲ್ಲಿ ಲಿಂಕ್ ರೇ ಅನ್ನುವ ಅಮೆರಿಕದ ಗಿಟಾರಿಸ್ಟ್ 'ರಂಬಲ್' ರೆಕಾರ್ಡ್ ಮಾಡುವಾಗ ಸದ್ದು ಒರಟಾಗಿ ಬರಲಿ ಅಂತ ಆಂಪ್ಲಿಫೈಯರಿನ ಸ್ಪೀಕರಿಗೆ ಪೆನ್ಸಿಲ್ಲಿನಿಂದ ತೂತು ಹಾಕಿದನಂತೆ. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ತನ್ನ ಪುಟ್ಟ ಆಂಪಿನ ಸ್ಪೀಕರನ್ನು ಬ್ಲೇಡಿನಲ್ಲಿ ಸೀಳಿದ. ಆ ಸದ್ದೇ 'ಯು ರಿಯಲಿ ಗಾಟ್ ಮಿ'. ಖರ್ಚು ಎಷ್ಟು? ಒಂದು ಬ್ಲೇಡು.

ಇವೆರಡರ ನಡುವೆ, ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಹಾಡಿದ ಒಂದು ಮೆಲುವಾದ ಹಾಡಿನ ರೆಕಾರ್ಡಿಂಗ್‌ನಲ್ಲಿ ಮಿಕ್ಸರಿನ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಸೋಲೋ ಮಾತ್ರ ಭಯಂಕರವಾಗಿ ಗುರುಗುಟ್ಟಿತು. ಅದನ್ನು ತೆಗೆಯದೆ ಹಾಗೇ ಬಿಟ್ಟರು. ಜನರಿಗೆ ಹಿಡಿಸಿತು. ರೆಕಾರ್ಡಿಂಗ್ ಇಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಟ್ಟ ಸದ್ದನ್ನೇ ಟ್ರಾನ್ಸಿಸ್ಟರ್‌ಗಳಿಂದ ಮತ್ತೆ ಹುಟ್ಟಿಸುವ ಸರ್ಕ್ಯೂಟ್ ಮಾಡಿದ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮ್ಯಾಸ್ಟ್ರೋ ಫಝ್-ಟೋನ್ ಅಂತ ಮಾರಾಟಕ್ಕೆ ಬಿಟ್ಟಿತು. ಮೊದಮೊದಲು ಯಾರೂ ಮೂಸಲಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಕೀತ್ ರಿಚರ್ಡ್ಸ್ ಅದನ್ನು ತುಳಿದದ್ದೇ ತಡ, ಅಂಗಡಿಯಲ್ಲಿದ್ದ ದಾಸ್ತಾನೆಲ್ಲ ಖಾಲಿ.

ಅಂದ್ರೆ ಮೂಲದಲ್ಲಿ ಇದು ಬಡವರ ಸದ್ದು. ಇದಕ್ಕೆ ಮೂವತ್ತು ಸಾವಿರ ಕೊಡಬೇಕು ಅನ್ನುವ ಶಾಸ್ತ್ರ ಆಮೇಲೆ ಹುಟ್ಟಿದ್ದು.

ಡಬ್ಬಿಯೊಳಗೆ ಏನಿದೆ?

ನಾವು ಡಿಗ್ರಿಯಲ್ಲಿ 'ಕ್ಲಿಪ್ಪರ್ ಸರ್ಕ್ಯೂಟ್' ಅಂತ ಲ್ಯಾಬ್ ಮಾಡಿದ್ದು ನೆನಪಿದೆಯಾ? ಸೈನ್ ವೇವ್ ಕೊಟ್ಟು, ಡಯೋಡ್ ಹಾಕಿ, ತಲೆ ಚಪ್ಪಟೆಯಾಗಿದ್ದನ್ನು ರೆಕಾರ್ಡ್ ಪುಸ್ತಕದಲ್ಲಿ ಬಿಡಿಸಿ ಸಹಿ ಹಾಕಿಸಿಕೊಂಡೆವಲ್ಲ, ಅದೇ. ಡಿಸ್ಟಾರ್ಷನ್ ಪೆಡಲ್ ಅಂದ್ರೆ ಆ ಪ್ರಯೋಗಕ್ಕೆ ಒಂದು ಕಬ್ಬಿಣದ ಅಂಗಿ ತೊಡಿಸಿ, ಮೇಲೊಂದು ಕಾಲ್ಗುಂಡಿ ಇಟ್ಟದ್ದು.

ಒಂದು ಆಪ್-ಆಂಪ್ ಗಿಟಾರಿನ ಸಣ್ಣ ಸಿಗ್ನಲನ್ನು ನೂರಾರು ಪಟ್ಟು ದೊಡ್ಡದು ಮಾಡುತ್ತದೆ. ಎರಡು ಡಯೋಡ್‌ಗಳು ಅದರ ತಲೆಯನ್ನೂ ಬುಡವನ್ನೂ ಕತ್ತರಿಸುತ್ತವೆ. ಸಿಲಿಕಾನ್ ಡಯೋಡ್ ಆದರೆ ಸುಮಾರು 0.6 ವೋಲ್ಟಿಗೆ, ಜರ್ಮೇನಿಯಂ ಆದರೆ 0.3ರ ಆಸುಪಾಸಿಗೆ, ಎಲ್‌ಇಡಿ ಆದರೆ ಇನ್ನೂ ಮೇಲೆ. ಡಯೋಡನ್ನು ಆಪ್-ಆಂಪ್ ಆದ ಮೇಲೆ ನೆಲಕ್ಕೆ, ಅಂದ್ರೆ ಗ್ರೌಂಡಿಗೆ ಕಟ್ಟಿದರೆ ಕತ್ತರಿ ಚೂಪು. ಬಾಸ್ ಡಿಎಸ್-1, ಪ್ರೊಕೊ ರ‍್ಯಾಟ್, ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್ ಎಲ್ಲ ಈ ಜಾತಿ. ಫೀಡ್‌ಬ್ಯಾಕ್ ದಾರಿಯಲ್ಲಿ ಕಟ್ಟಿದರೆ ಕತ್ತರಿ ಮೊಂಡು, ಸದ್ದು ಮೆತ್ತಗೆ. ಇಬಾನೆಝ್ ಟ್ಯೂಬ್ ಸ್ಕ್ರೀಮರ್ ಈ ಜಾತಿ. ಇದಕ್ಕೆ ಓವರ್‌ಡ್ರೈವ್ ಅನ್ನುತ್ತಾರೆ. ಆಮೇಲೆ ಒಂದು ಟೋನ್ ಗುಂಡಿ, ಒಂದು ವಾಲ್ಯೂಮ್ ಗುಂಡಿ. ಮುಗಿಯಿತು.

ಇದರಲ್ಲಿ ದುಬಾರಿಯಾದದ್ದು ಯಾವುದು ಹೇಳಿ? ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಆಪ್-ಆಂಪ್‌ಗೆ ಹತ್ತಿಪ್ಪತ್ತು ರೂಪಾಯಿ, ಡಯೋಡಿಗೆ ಒಂದೆರಡು ರೂಪಾಯಿ. ನಾನೇ ಒಂದು ಸಲ ಅಲ್ಲಿಂದ ಸಾಮಾನು ತಂದು ಬೆಸುಗೆ ಹಾಕಿ ಒಂದನ್ನು ಕಟ್ಟಿದ್ದೆ. ಎಲ್ಲಕ್ಕಿಂತ ಹೆಚ್ಚು ಖರ್ಚಾದದ್ದು ಡಬ್ಬಿಗೆ ಮತ್ತು ಕಾಲ್ಗುಂಡಿಗೆ. ಡಬ್ಬಿಯ ತೂತು ಓರೆಯಾಗಿದ್ದರಿಂದ ಅದು ನೋಡಲು ಇಲಿಬೋನಿನ ಹಾಗಿತ್ತು, ಸದ್ದು ಮಾತ್ರ ಚೆನ್ನಾಗಿಯೇ ಬಂತು.

ಒಂದು ಉದಾಹರಣೆ ಹೇಳಿಬಿಡುತ್ತೇನೆ. ಟ್ಯೂಬ್ ಸ್ಕ್ರೀಮರಿನಲ್ಲಿ ಟಿಎಸ್808 ಮತ್ತು ಟಿಎಸ್9 ಅಂತ ಎರಡು ಪ್ರಸಿದ್ಧ ಮಾದರಿ. ಹಳೆಯ 808ಕ್ಕೆ ಸಂಗ್ರಾಹಕರು ಕೊಡುವ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಸರ್ಕ್ಯೂಟಿನಲ್ಲಿ ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಔಟ್‌ಪುಟ್ ತುದಿಯಲ್ಲಿರುವ ಎರಡು ರೆಸಿಸ್ಟರ್. ಹೌದು ಸ್ವಾಮಿ, ರೆಸಿಸ್ಟರ್! ಒಂದು ರೂಪಾಯಿಗೆ ಎಷ್ಟು ಕೊಡುತ್ತಾರೆ ಅಂತ ನೀವೇ ವಿಚಾರಿಸಿ.

ಸ ಪ ಸ

ನಡುವೆ ಒಂದು ಮಾತು. ನಮ್ಮಮ್ಮ ಈ ಸದ್ದನ್ನು ಮೊದಲ ಸಲ ಕೇಳಿದಾಗ "ಮಿಕ್ಸಿ ಕೆಟ್ಟಿದೆಯೇನೋ" ಅಂದಿದ್ದರು. ಆದರೆ ತಂಬೂರಿ ನೋಡಿ. ಕುದುರೆಯ ಮೇಲೆ, ತಂತಿಯ ಅಡಿಗೆ ಒಂದು ದಾರ ಇಡುತ್ತಾರಲ್ಲ, ಜೀವಾಳಿ, ಅದು ಇಲ್ಲದಿದ್ದರೆ ತಂಬೂರಿ ಟಣ್ ಅಂತ ಸತ್ತುಹೋಗುತ್ತದೆ. ದಾರವನ್ನು ಸರಿಯಾದ ಜಾಗಕ್ಕೆ ಸರಿಸಿದ ಕೂಡಲೇ ಝೇಂಕಾರ ಬರುತ್ತದೆ. ತಂತಿ ಕುದುರೆಗೆ ತಾಗಿ ತಾಗಿ ಮೇಲಿನ ಉಪಸ್ವರಗಳೆಲ್ಲ ಎದ್ದು ಬರುವುದರಿಂದ ಆಗುವ ಸದ್ದು ಅದು. ಡಯೋಡ್ ಮಾಡುವುದೂ ಬಹುಮಟ್ಟಿಗೆ ಇದನ್ನೇ. ತಲೆ ಕತ್ತರಿಸಿದಾಗ ಮೂಲಸ್ವರದ ಮೂರು ಪಟ್ಟು, ಐದು ಪಟ್ಟು ಕಂಪನಾಂಕಗಳು ಹೊಸದಾಗಿ ಹುಟ್ಟುತ್ತವೆ.

ಇನ್ನೂ ಮಜಾ ಏನಂದ್ರೆ, ಡಿಸ್ಟಾರ್ಷನ್ ಹಾಕಿಕೊಂಡು ಪೂರ್ತಿ ಕಾರ್ಡ್ ಹಿಡಿದರೆ ಸ್ವರಗಳು ಒಂದರೊಳಗೊಂದು ಬೆರೆತು ಗಲೀಜಾಗುತ್ತದೆ. ಅದಕ್ಕೇ ರಾಕ್ ಗಿಟಾರಿಸ್ಟುಗಳು ಷಡ್ಜ, ಪಂಚಮ, ಮೇಲಿನ ಷಡ್ಜ ಇಷ್ಟನ್ನೇ ಹಿಡಿಯುತ್ತಾರೆ. ಅದಕ್ಕೆ ಪವರ್ ಕಾರ್ಡ್ ಅಂತ ಹೆಸರು. ಸ ಪ ಸ. ತಂಬೂರಿಯ ಶ್ರುತಿಯೂ ಅದೇ! ಅಮ್ಮನಿಗೆ ಇದನ್ನು ಹೇಳಿದೆ. "ಹಾಗಾದ್ರೆ ತಂಬೂರಿನೇ ಕಲಿಯಬಹುದಿತ್ತಲ್ಲ" ಅಂದರು.

ಈಗ ದುಡ್ಡಿನ ವಿಷಯ.

ಜೇಬಿನಲ್ಲಿ ಏನೂ ಇಲ್ಲದಿದ್ದರೆ

ಕಂಪ್ಯೂಟರ್ ಮತ್ತು ಒಂದು ಆಡಿಯೋ ಇಂಟರ್‌ಫೇಸ್ ಇದ್ದರೆ ಪೆಡಲೇ ಬೇಡ. ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಮುಕ್ತ ತಂತ್ರಾಂಶ ಇದೆ, ಪುಕ್ಕಟೆ. ನಿಜವಾದ ಆಂಪು, ಪೆಡಲುಗಳ ನಡವಳಿಕೆಯನ್ನು ನ್ಯೂರಲ್ ನೆಟ್‌ವರ್ಕಿಗೆ ಕಲಿಸಿ, ಆ ಮಾದರಿಯನ್ನು ನಿಮ್ಮ ಕಂಪ್ಯೂಟರಿನಲ್ಲಿ ಓಡಿಸುತ್ತದೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡುವವನಿಗೆ ಇದಕ್ಕಿಂತ ಹೆಚ್ಚೇನು ಬೇಕು? ವೇದಿಕೆಗೆ ಮಾತ್ರ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗುವುದು ನನಗೆ ಯಾಕೋ ಭಯ. ಅಪ್‌ಡೇಟ್ ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ.

ಎರಡರಿಂದ ನಾಲ್ಕು ಸಾವಿರ

ಇಲ್ಲಿ ಸಿಗುವುದು ಚೀನಾದ ಜೋಯೋ, ಡಾನರ್, ಮೂಅರ್, ಜೊತೆಗೆ ಬೆರಿಂಗರ್. ಹೆಚ್ಚಿನವು ಪ್ರಸಿದ್ಧ ಪೆಡಲುಗಳ ಪ್ರತಿ. ಜೋಯೋದ ವಿಂಟೇಜ್ ಓವರ್‌ಡ್ರೈವ್ ಟ್ಯೂಬ್ ಸ್ಕ್ರೀಮರಿನ ತಮ್ಮ, ಬೆರಿಂಗರ್‌ನ ಅಲ್ಟ್ರಾ ಮೆಟಲ್ ಬಾಸ್‌ನ ಮೆಟಲ್ ಝೋನ್‌ನ ತಮ್ಮ. ಇವು ಕಳಪೆ ಅಂತ ಮೂಗು ಮುರಿಯುವವರು ಬಹಳ. ಸದ್ದಿನ ವಿಷಯಕ್ಕೆ ನಾನು ಒಪ್ಪುವುದಿಲ್ಲ. ಸರ್ಕ್ಯೂಟು ಅದೇ ಆದ ಮೇಲೆ ಎಲೆಕ್ಟ್ರಾನಿಗೆ ಬ್ರಾಂಡ್ ಗೊತ್ತಾಗುತ್ತದೆಯೇ? 2005ರಲ್ಲಿ ಬಾಸ್‌ನ ಒಡೆಯ ರೋಲ್ಯಾಂಡ್ ಬೆರಿಂಗರ್ ಮೇಲೆ ಅಮೆರಿಕದಲ್ಲಿ ಕೇಸು ಹಾಕಿದಾಗಲೂ ತಕರಾರು ಇದ್ದದ್ದು ಹೊರಗಿನ ರೂಪ, ಬಣ್ಣ ನಕಲಾಗಿದೆ ಅಂತ. ಮರುವರ್ಷ ರಾಜಿಯಾಯಿತು.

ಹಣ ಉಳಿಸಿದ್ದು ಎಲ್ಲಿ ಅಂದ್ರೆ ಮೈಕಟ್ಟಿನಲ್ಲಿ. ಬೆರಿಂಗರ್‌ನ ಈ ಸಾಲಿನ ಪೆಡಲುಗಳ ಮೈ ಪ್ಲಾಸ್ಟಿಕ್ಕು. ಮನೆಯಲ್ಲಿ ಕೈಯಿಂದ ಒತ್ತುವವರಿಗೆ ಸಾಕು. ವೇದಿಕೆಯ ಮೇಲೆ ಉತ್ಸಾಹದಲ್ಲಿ ಬೂಟುಗಾಲಿನಿಂದ ತುಳಿಯುವವರು ಲೋಹದ ಡಬ್ಬಿ ಇರುವುದನ್ನೇ ನೋಡಿಕೊಳ್ಳಿ.

ನಾಲ್ಕರಿಂದ ಎಂಟು ಸಾವಿರ

ನನ್ನ ಪ್ರಕಾರ ಸಾಕು ಅನ್ನುವ ಹಂತ ಇದೇ. ಕಿತ್ತಳೆ ಬಣ್ಣದ ಬಾಸ್ ಡಿಎಸ್-1 ಬಂದದ್ದು 1978ರಲ್ಲಿ. ಇವತ್ತಿಗೂ ತಯಾರಾಗುತ್ತಿದೆ. ಕರ್ಟ್ ಕೊಬೇನ್ ತುಳಿದದ್ದು ಇದನ್ನೇ, ಜೋ ಸ್ಯಾಟ್ರಿಯಾನಿ, ಸ್ಟೀವ್ ವಾಯ್ ತುಳಿದದ್ದೂ ಇದನ್ನೇ. ಮೂರೇ ಸ್ವರ ಸಾಕು ಅನ್ನುವವನು ಒಂದು ಕಡೆ, ಸೆಕೆಂಡಿಗೆ ಇಪ್ಪತ್ತು ಸ್ವರ ಉದುರಿಸುವವರು ಇನ್ನೊಂದು ಕಡೆ, ನಡುವೆ ಒಂದೇ ಅಗ್ಗದ ಡಬ್ಬಿ. ಇದಕ್ಕಿಂತ ಪುರಾವೆ ಬೇಕೇ? ಮೆತ್ತಗಿನ ಸದ್ದು ಬೇಕಾದವರು ಹಳದಿಯ ಎಸ್‌ಡಿ-1 ನೋಡಿ. 1981ರ ಮಾದರಿ, ಒಂದು ಬದಿಗೆ ಎರಡು ಡಯೋಡ್, ಇನ್ನೊಂದು ಬದಿಗೆ ಒಂದೇ, ಹಾಗಾಗಿ ಕತ್ತರಿ ಎರಡೂ ಕಡೆ ಸಮ ಅಲ್ಲ. ಆ ಅಸಮದಿಂದಲೇ ಅದರ ಸದ್ದಿಗೊಂದು ಬೇರೆ ರುಚಿ.

ಡಿಎಸ್-1 ಕಿವಿ ಚುಚ್ಚುತ್ತದೆ ಅನ್ನುವವರಿದ್ದಾರೆ. ಟೋನ್ ಗುಂಡಿಯನ್ನು ಗಡಿಯಾರದ ಒಂಬತ್ತು ಗಂಟೆಯ ಜಾಗಕ್ಕೆ ಇಳಿಸಿ, ಡಿಸ್ಟಾರ್ಷನ್ ಗುಂಡಿಯನ್ನು ಅರ್ಧಕ್ಕೆ ನಿಲ್ಲಿಸಿ, ಆಮೇಲೆ ಬೈಯಿರಿ. ಹೊಸಬರೆಲ್ಲ ಗುಂಡಿಗಳನ್ನು ಪೂರ್ತಿ ತಿರುಗಿಸಿ ಇಡುತ್ತಾರೆ. ನಾನೂ ಇಟ್ಟಿದ್ದೆ.

ಸಾಧ್ಯವಾದರೆ ಸೆಕೆಂಡ್ ಹ್ಯಾಂಡ್ ಕೊಳ್ಳಿ. ಬಾಸ್ ಪೆಡಲಿನ ಮೈ ಎರಕ ಹೊಯ್ದ ಲೋಹ, ಹತ್ತಿಪ್ಪತ್ತು ವರ್ಷವಾದರೂ ಬಣ್ಣ ಹೋಗಿರುತ್ತದೆ ಹೊರತು ಕೆಲಸ ನಿಂತಿರುವುದಿಲ್ಲ. ಬೇಡ ಅನ್ನಿಸಿದಾಗ ಕೊಂಡ ಬೆಲೆಯ ಹತ್ತಿರಕ್ಕೇ ಮಾರಬಹುದು. ಅಂದ್ರೆ ಇದು ಖರ್ಚಿಗಿಂತ ಹೆಚ್ಚಾಗಿ ಠೇವಣಿ.

ಹತ್ತರಿಂದ ಹದಿನೈದು ಸಾವಿರ

ಪ್ರೊಕೊ ರ‍್ಯಾಟ್, ಟಿಎಸ್9, ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಬಿಗ್ ಮಫ್‌ನಂಥವು ಇಲ್ಲಿ ಆಸುಪಾಸಿನಲ್ಲಿ ಬರುತ್ತವೆ. ಇವು ಡಿಎಸ್-1ಕ್ಕಿಂತ 'ಮೇಲೆ' ಅಂದುಕೊಂಡರೆ ತಪ್ಪು, ಇವು 'ಬೇರೆ'. ಟ್ಯೂಬ್ ಸ್ಕ್ರೀಮರ್ ಕೆಳಗಿನ ಗುಡುಗನ್ನು ಕತ್ತರಿಸಿ ನಡುವಿನ ಕಂಪನಾಂಕಗಳನ್ನು ಮೇಲೆತ್ತುತ್ತದೆ. ಒಬ್ಬನೇ ಕೂತು ಕೇಳಿದರೆ ಮೂಗಿನಲ್ಲಿ ಹಾಡಿದ ಹಾಗೆ. ಡ್ರಮ್ಸು, ಬೇಸ್ ಗಿಟಾರ್ ಜೊತೆ ಸೇರಿದಾಗ ಅದೇ ಗುಣ ಕೈಹಿಡಿಯುತ್ತದೆ, ಎಲ್ಲರ ನಡುವೆ ನಿಮ್ಮ ಗಿಟಾರ್ ಕೇಳಿಸುತ್ತದೆ. ಬಿಗ್ ಮಫ್ ಇದಕ್ಕೆ ತದ್ವಿರುದ್ಧ, ನಡುವನ್ನು ತಗ್ಗಿಸುತ್ತದೆ. ರೂಮಿನಲ್ಲಿ ದೇವಲೋಕ, ಬ್ಯಾಂಡಿನಲ್ಲಿ ಕೆಲವೊಮ್ಮೆ ನಾಪತ್ತೆ. ಯಾವುದು ಬೇಕು ಅಂತ ತಿಳಿಯುವುದಕ್ಕೆ ಮೊದಲು ಅಗ್ಗದ್ದೊಂದನ್ನು ಒಂದು ವರ್ಷ ನುಡಿಸಿರಬೇಕು. ಅದಿಲ್ಲದೆ ಇಲ್ಲಿಗೆ ಬಂದರೆ ಬೇರೆಯವರ ಕಿವಿಯಿಂದ ಕೊಂಡ ಹಾಗೆ.

ಇಪ್ಪತ್ತೈದು ಸಾವಿರ ಮತ್ತು ಆಕಾಶ

ಇಲ್ಲಿಂದ ಮುಂದೆ ಪುರಾಣ ಶುರು. ಈ ಪುರಾಣದ ನಾಯಕ ಕ್ಲಾನ್ ಸೆಂಟಾರ್. ಅಮೆರಿಕದ ಬಾಸ್ಟನ್ ಕಡೆಯ ಬಿಲ್ ಫಿನೆಗನ್ 1994ರಿಂದ ಸುಮಾರು ಒಂದೂವರೆ ದಶಕ, ಹೆಚ್ಚುಕಡಿಮೆ ಒಬ್ಬನೇ ಕೂತು, ಎಂಟು ಸಾವಿರದಷ್ಟು ಪೆಡಲ್ ಮಾಡಿ ಮಾರಿದ. ಸರ್ಕ್ಯೂಟ್ ಯಾರೂ ನೋಡದಿರಲಿ ಅಂತ ಒಳಗೆಲ್ಲ ಕಪ್ಪು ಎಪಾಕ್ಸಿ ಸುರಿದಿದ್ದ. ಕಾಣದ ವಸ್ತುವಿನ ಬಗ್ಗೆ ಕಥೆ ಹುಟ್ಟುವುದು ಸಹಜ ತಾನೇ? ಈಗ ಹಳೆಯ ಸೆಂಟಾರ್‌ಗೆ ಸಾವಿರಾರು ಡಾಲರ್. ಆಮೇಲೆ ಯಾರೋ ಎಪಾಕ್ಸಿ ಕೆರೆದು ನೋಡಿದರು. ಒಳಗೆ ಇದ್ದದ್ದು ಮಂತ್ರವಲ್ಲ, ಜಾಣತನದ ವಿನ್ಯಾಸ. ಒಂಬತ್ತು ವೋಲ್ಟಿನಿಂದ ಹೆಚ್ಚಿನ ವೋಲ್ಟೇಜ್ ಪಡೆಯುವ ಒಂದು ಚಿಪ್ಪು, ಶುದ್ಧ ಸದ್ದನ್ನೂ ಕೆಡಿಸಿದ ಸದ್ದನ್ನೂ ಬೆರೆಸುವ ಒಂದು ಜೋಡಿ ಗುಂಡಿ, ಒಂದೆರಡು ಜರ್ಮೇನಿಯಂ ಡಯೋಡ್. ಈಗ ಅದರ ಪ್ರತಿಗಳು ಮೂರು-ನಾಲ್ಕು ಸಾವಿರಕ್ಕೂ ಸಿಗುತ್ತವೆ. ಫಿನೆಗನ್ ಆಮೇಲೆ ಮಾಡಿದ ಪೆಡಲಿನ ಮೈಮೇಲೇ, ಈ ಅತಿಯಾದ ಅಬ್ಬರ ನಾನು ಎಬ್ಬಿಸಿದ್ದಲ್ಲ ಅನ್ನುವ ಅರ್ಥದ ಮಾತು ಅಚ್ಚು ಹಾಕಿಸಿದ. ಪಾಪ, ಅವನಿಗೇ ಸಾಕಾಗಿತ್ತು.

ದುಬಾರಿ ಪೆಡಲ್ ಮೋಸ ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿ ಮಾಡಿದ ಕೆಲಸಕ್ಕೆ ಕೂಲಿ ಬೇಕು, ಒಳ್ಳೆಯ ಸ್ವಿಚ್ಚಿಗೆ ಬೆಲೆ ಇದೆ, ವಾರಕ್ಕೆ ಮೂರು ದಿನ ವೇದಿಕೆ ಹತ್ತುವವನಿಗೆ ಅದು ಬೇಕಾಗಬಹುದು. ಆದರೆ ಆ ಹೆಚ್ಚಿನ ಇಪ್ಪತ್ತು ಸಾವಿರದಲ್ಲಿ ಕಿವಿಗೆ ಸಿಗುವ ಪಾಲು ತೀರಾ ಸಣ್ಣದು. ಉಳಿದದ್ದು ಕಣ್ಣಿಗೆ, ಕೈಗೆ, ಮತ್ತು ನಾಲ್ಕು ಜನರಿಗೆ ತೋರಿಸುವ ಖುಷಿಗೆ.

ವೈರಿನ ಆ ಕಡೆ ಏನಿದೆ?

ಪೆಡಲಿನ ಬಗ್ಗೆ ಕೇಳುವವರು ಯಾರೂ ಕೇಳದ ಪ್ರಶ್ನೆ ಇದು. ಗಿಟಾರ್ ಆಂಪಿನ ಸ್ಪೀಕರ್ ಮಾಮೂಲಿ ಸ್ಪೀಕರ್ ತರಹ ಅಲ್ಲ. ಸುಮಾರು ಐದು ಸಾವಿರ ಹರ್ಟ್ಝ್ ದಾಟಿದರೆ ಅದು ಕೈಚೆಲ್ಲುತ್ತದೆ. ಆ ಕೈಚೆಲ್ಲುವುದೇ ವರ. ಡಯೋಡ್ ಕತ್ತರಿಸಿದಾಗ ಹುಟ್ಟಿದ ಕರ್ಕಶ ಮೇಲ್ಸ್ವರಗಳೆಲ್ಲ ಅಲ್ಲೇ ಸೋಸಿಹೋಗುತ್ತವೆ. ಅದೇ ಪೆಡಲನ್ನು ನೇರವಾಗಿ ಮನೆಯ ಹೋಮ್ ಥಿಯೇಟರಿಗೋ, ಕಾಲೇಜಿನ ಮಿಕ್ಸರಿಗೋ ಚುಚ್ಚಿ ನೋಡಿ. ಬಾಟಲಿಯಲ್ಲಿ ಹೆಜ್ಜೇನು ಸಿಕ್ಕಿಹಾಕಿಕೊಂಡ ಸದ್ದು. ಮೂರು ಸಾವಿರದ ಪೆಡಲಾದರೂ ಹೆಜ್ಜೇನು, ಮೂವತ್ತು ಸಾವಿರದ್ದಾದರೂ ಹೆಜ್ಜೇನು.

ನಮ್ಮ ಕಾಲೇಜು ಫೆಸ್ಟ್‌ಗಳಲ್ಲಿ ಶಾಮಿಯಾನದವರ ಜೊತೆ ಬರುವ ಸೌಂಡ್ ಸಿಸ್ಟಮ್‌ನವರು ಎಷ್ಟೋ ಸಲ ಗಿಟಾರನ್ನು ನೇರ ಮಿಕ್ಸರಿಗೇ ಚುಚ್ಚಿಬಿಡುತ್ತಾರೆ. ಅಂಥ ಕಡೆ ನುಡಿಸುವವನಿಗೆ ಬೇಕಾದದ್ದು ಸ್ಪೀಕರಿನ ನಡವಳಿಕೆಯನ್ನು ಅನುಕರಿಸುವ ಒಂದು ಸಾಧಾರಣ ಮಲ್ಟಿ-ಎಫೆಕ್ಟ್ಸ್ ಪೆಟ್ಟಿಗೆ. ಝೂಮ್‌ನಂಥ ಕಂಪನಿಗಳದ್ದು ಸಿಗುತ್ತವೆ. ಡಿಸ್ಟಾರ್ಷನ್ನೂ ಅದರೊಳಗೇ ಇರುತ್ತದೆ. ಇನ್ನು ದುಡ್ಡು ಸ್ವಲ್ಪ ಹೆಚ್ಚೇ ಇದ್ದರೆ ಹನ್ನೆರಡು ಇಂಚಿನ ಸ್ಪೀಕರ್ ಇರುವ ಒಂದು ಆಂಪ್ ಕೊಳ್ಳಿ. ಬಾಸ್ ಕಟಾನಾ 2016ರಲ್ಲಿ ಬಂದ ಮೇಲೆ ಈ ದರ್ಜೆಯಲ್ಲಿ ಒಳ್ಳೆಯ ಡಿಸ್ಟಾರ್ಷನ್ ಆಂಪಿನ ಒಳಗೇ ಬರುತ್ತದೆ. ದುಬಾರಿ ಪೆಡಲು, ಬಕೆಟ್‌ನಂಥ ಆಂಪು, ಇದು ರೇಷ್ಮೆ ಪಂಚೆಗೆ ಹವಾಯಿ ಚಪ್ಪಲಿ.

ಇನ್ನೊಂದು ಮರೆಯಬೇಡಿ, ಅಡಾಪ್ಟರ್. ಪೆಡಲುಗಳಿಗೆ ಬೇಕಾದದ್ದು ಒಂಬತ್ತು ವೋಲ್ಟ್, ಹೆಚ್ಚಿನವಕ್ಕೆಲ್ಲ ಪಿನ್ನಿನ ನಡುವೆ ಋಣ, ಹೊರಗೆ ಧನ. ಮನೆಯಲ್ಲಿ ಬಿದ್ದಿರುವ ಮೋಡೆಮ್ ಅಡಾಪ್ಟರ್‌ಗಳದ್ದು ಸಾಮಾನ್ಯವಾಗಿ ಉಲ್ಟಾ. ಇದನ್ನು ನೋಡದೆ ಚುಚ್ಚಿ ನಾನು ಒಂದು ಪೆಡಲಿಗೆ ತಿಥಿ ಮಾಡಿದ್ದೇನೆ. ಇಂಜಿನಿಯರಂತೆ, ನಾಚಿಕೆಯಾಗಬೇಕು.

ನನ್ನ ಕಥೆ

ಕೆಲಸಕ್ಕೆ ಸೇರಿದ ಎರಡನೇ ವರ್ಷ ಅಪ್ರೈಸಲ್ ಚೆನ್ನಾಗಿ ಆಯಿತು. ಅದೇ ವಾರ ಇಪ್ಪತ್ತೆರಡು ಸಾವಿರದ ಒಂದು ಪೆಡಲ್ ಕೊಂಡೆ, ಕ್ರೆಡಿಟ್ ಕಾರ್ಡ್ ಇಎಂಐನಲ್ಲಿ. ಯಾವುದು ಅಂತ ಹೇಳುವುದಿಲ್ಲ, ಪೆಡಲಿನ ತಪ್ಪೇನೂ ಇಲ್ಲ. ರೂಮ್‌ಮೇಟ್‌ಗೆ ಅದರ ಸದ್ದಿನ ಆಳ, ಅಗಲ, ಉಸಿರು ಅಂತ ಏನೇನೋ ಹೇಳುತ್ತಿದ್ದೆ. ಅವನಿಗೆ ಕೇಳಿ ಕೇಳಿ ಸಾಕಾಗಿ ಒಂದು ಶನಿವಾರ ಪರೀಕ್ಷೆ ಇಟ್ಟ. ನನ್ನ ಹೊಸದು, ಹಳೆಯ ಡಿಎಸ್-1, ಒಂದು ಚೀನಾ ಪೆಡಲ್, ಮೂರನ್ನೂ ಸಾಲಾಗಿ ಇಟ್ಟ. ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ, ಅದಕ್ಕೆ ಮೊಬೈಲಿನ ಡೆಸಿಬಲ್ ಮೀಟರಿನಲ್ಲಿ ಮೂರರ ಸದ್ದನ್ನೂ ಸಮ ಮಾಡಿದ. ಗುಂಡಿಗಳನ್ನು ತಿರುಗಿಸಿ ಮೂರೂ ಹತ್ತಿರ ಹತ್ತಿರ ಕೇಳಿಸುವಂತೆ ಹೊಂದಿಸಿದ. ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಗಿಟಾರ್ ಕೈಗೆ ಕೊಟ್ಟು, "ನುಡಿಸು, ಯಾವುದು ಅಂತ ಹೇಳು" ಅಂದ.

ಹತ್ತು ಸಲದಲ್ಲಿ ನಾಲ್ಕು ಸಲ ಸರಿ ಹೇಳಿದೆ. ಕಣ್ಣು ಮುಚ್ಚಿ ಚೀಟಿ ಎತ್ತಿದ್ದರೂ ಮೂರೋ ನಾಲ್ಕೋ ಬರುತ್ತಿತ್ತು. "ಉಸಿರು" ಇದೆ ಅಂತ ನಾನು ಎರಡು ಸಲ ಹೇಳಿದ್ದು ಚೀನಾ ಪೆಡಲ್ಲಿಗೆ.

ಅವತ್ತು ನಕ್ಕುಬಿಟ್ಟೆವು. ಆದರೆ ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿನ ಚಿಂತೆ ಅಷ್ಟಿರಲಿಲ್ಲ. ಲೆಕ್ಕ ಹಾಕಿ ನೋಡಿದೆ, ಮೂರು ವರ್ಷದಲ್ಲಿ ಏಳು ಪೆಡಲ್ ಕೊಂಡಿದ್ದೆ. ಆ ಮೂರು ವರ್ಷದಲ್ಲಿ ಮೊದಲಿಂದ ಕೊನೆಯವರೆಗೆ ಹೊಸದಾಗಿ ಕಲಿತ ಹಾಡು ಎಷ್ಟು? ಒಂದೂ ಇಲ್ಲ. ಆಫೀಸಿನಿಂದ ಬಂದು ಗಿಟಾರ್ ಎತ್ತಿಕೊಳ್ಳುವ ಬದಲು ಪೆಡಲಿನ ವಿಡಿಯೋ ನೋಡುತ್ತಾ ಕೂರುತ್ತಿದ್ದೆ. ನುಡಿಸೋದು ಕಷ್ಟ, ಬೆರಳು ನೋಯುತ್ತದೆ, ತಪ್ಪುತ್ತದೆ. ಕೊಳ್ಳೋದು ಸುಲಭ. ಕೊಂಡ ದಿನ ನುಡಿಸಿದಷ್ಟೇ ಖುಷಿಯಾಗುತ್ತದೆ, ನುಡಿಸಿಯೇಬಿಟ್ಟೆ ಅಂತ ಮನಸ್ಸಿಗೆ ಮೋಸವಾಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳಿಗಿಂತ ಮುಂದೆ ಹೋಗಿ ಏಳು ಸಲ ನೆಲಕ್ಕೆ ಟೈಲ್ಸ್ ಹಾಕಿಸಿದ್ದೆ!

ಐದು ಪೆಡಲ್ ಮಾರಿದೆ. ಡಿಎಸ್-1 ಮತ್ತು ಆ ದುಬಾರಿಯದ್ದು ಉಳಿದವು, ಒಂದು ಅಭ್ಯಾಸಕ್ಕೆ, ಒಂದು ನೆನಪಿಗೆ.

ತಮ್ಮನಿಗೆ ಹೇಳಿದ್ದು

ಇಪ್ಪತ್ತು ಸಾವಿರ ಕೊಡುವುದಿಲ್ಲ ಅಂದೆ. ಸಪ್ಪೆಯಾದ. ಮೊದಲು ಹೋಗಿ ಫೆಸ್ಟ್ ದಿನ ವೇದಿಕೆಯ ಮೇಲೆ ಆಂಪ್ ಇರುತ್ತದೋ ಇಲ್ಲವೋ ಕೇಳಿಕೊಂಡು ಬಾ ಅಂದೆ. ಸಂಗೀತದ ಕೋಣೆಯಲ್ಲಿ ಹನ್ನೆರಡು ಇಂಚಿನ ಹಳೆಯ ಆಂಪ್ ಇದೆಯಂತೆ, ಅದನ್ನೇ ತರುತ್ತಾರಂತೆ. ಹಾಗಾದ್ರೆ ಸರಿ, ಪೆಡಲ್ ಸಾಕು.

ಆಮೇಲೆ ನನಗೊಂದು ಯೋಚನೆ ಬಂತು. ನನ್ನ ಎರಡೂ ಪೆಡಲನ್ನು ಹೆಸರು, ಬಣ್ಣ ಯಾವುದೂ ಕಾಣದಂತೆ ಕಪ್ಪು ಟೇಪಿನಲ್ಲಿ ಸುತ್ತಿ, ಒಂದರ ಮೇಲೆ 'ಅ', ಇನ್ನೊಂದರ ಮೇಲೆ 'ಆ' ಅಂತ ಬರೆದು, ಸರಿಯಾದ ಅಡಾಪ್ಟರ್ ಜೊತೆಗಿಟ್ಟು ಕಳಿಸಿದೆ. ಎರಡರ ಆಕಾರ ಬೇರೆ ಅನ್ನುವುದು ನಿಜ, ಆದರೆ ಅವನು ಎರಡನ್ನೂ ಎಂದೂ ಕೈಯಲ್ಲಿ ಹಿಡಿದವನಲ್ಲ. ಒಂದು ವಾರ ನುಡಿಸು, ಯಾವುದು ಹಿಡಿಸಿತೋ ಅದು ನಿನಗೆ, ಎಂಟು ಸಾವಿರ ಹಾಗೇ ಇಟ್ಟುಕೋ, ಅದರಲ್ಲಿ ಒಂದೆರಡು ಸೆಟ್ ತಂತಿ ತಗೋ, ಗಿಟಾರನ್ನು ಒಳ್ಳೆಯವರ ಹತ್ತಿರ ಸೆಟಪ್ ಮಾಡಿಸು ಅಂದೆ.

ನಿನ್ನೆ ಫೋನ್ ಮಾಡಿದ್ದ. ರೂಮಿನಲ್ಲಿ ನುಡಿಸುವಾಗ 'ಆ' ಚೆನ್ನಾಗಿದೆಯಂತೆ, ಬ್ಯಾಂಡಿನ ಜೊತೆ 'ಅ' ಚೆನ್ನಾಗಿದೆಯಂತೆ. ಯಾವುದು ಯಾವುದು ಅಂತ ಕೇಳಿದ. ಫೆಸ್ಟ್ ಮುಗಿಯಲಿ ಹೇಳ್ತೀನಿ ಅಂದೆ. "ಅದಿರಲಿ ಅಣ್ಣಾ, ನಮ್ಮ ಡ್ರಮ್ಮರ್ ಪ್ರತಿ ಹಾಡಲ್ಲೂ ಓಡಿಬಿಡ್ತಾನೆ, ಅವನನ್ನ ಹೆಂಗೆ ಹಿಡಿಯೋದು?" ಅಂದ.

ಆ ಪ್ರಶ್ನೆ ಕೇಳಿ ಬಹಳ ಸಮಾಧಾನವಾಯಿತು. ಅದಕ್ಕೆ ಯಾವ ಅಂಗಡಿಯಲ್ಲೂ ಪೆಡಲ್ ಸಿಗುವುದಿಲ್ಲ. ಎಲ್ಲರೂ ಕೂತು ನುಡಿಸಬೇಕು, ಅಷ್ಟೇ.